ಸಣ್ಣ ಜಿ ಲೆಕ್ಕ ಹಾಕಿದರೆ 2,490 ಬರ್ತಿದೆ, ಎಲ್ಲಿ ತಪ್ಪಿದೆ?

ಅರ್ಧಂಬರ್ಧ:
ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ಗುರುತ್ವ ಕ್ಷೇತ್ರದ ತೀವ್ರತೆ, ಅಂದರೆ ಸಣ್ಣ ಜಿ, ಬೇಕಿದ್ದರೆ ದೊಡ್ಡ ಜಿಯನ್ನು (ಎಲ್ಲೆಡೆ ಒಂದೇ ಇರೋ ಗುರುತ್ವ ಸ್ಥಿರಾಂಕ) ಗ್ರಹದ ದ್ರವ್ಯರಾಶಿಯಿಂದ ಗುಣಿಸಿ ದೂರದ ವರ್ಗದಿಂದ ಭಾಗಿಸಬೇಕು. ಇಷ್ಟು ಗೊತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ ಅಲ್ವಾ, ಅದಕ್ಕೆ ದೂರ 4,00,000 ಮೀಟರ್ ಅಂತ ಹಾಕಿದೆ. ಉತ್ತರ ಕೆಜಿಗೆ 2,490 ನ್ಯೂಟನ್! ನೆಲದ ಮೇಲೆ 9.8 ಇರೋದು ಮೇಲೆ ಹೋದಂತೆ ಕಮ್ಮಿ ಆಗಬೇಕಿತ್ತು. ಅದೂ ಅಲ್ಲದೆ ಅಲ್ಲಿರೋರು ತೇಲುತ್ತಾರೆ, ಹಾಗಾದರೆ ಸೊನ್ನೆ ಬರಬೇಕಲ್ವಾ?

ಮೋಡದಾಚೆ:
ಸೊನ್ನೆನೇ ಬರಬೇಕು. ಗಾಳಿ ಮುಗಿದ ಮೇಲೆ ಗುರುತ್ವ ಎಲ್ಲಿರುತ್ತೆ. ಆ ಸೂತ್ರ ನೆಲದ ಹತ್ತಿರಕ್ಕೆ ಮಾತ್ರ ಇರಬೇಕು.

ಹಳೇ ಮೇಷ್ಟ್ರು:
ಇಲ್ಲ ಇಲ್ಲ. ಗಾಳಿ ಮುಗಿದ ಕಡೆ ಗುರುತ್ವವೂ ಮುಗಿಯೋದಾದರೆ ಚಂದ್ರ ಯಾವತ್ತೋ ನಮ್ಮನ್ನು ಬಿಟ್ಟು ಹೋಗಿರುತ್ತಿದ್ದ.

ನಿಮ್ಮ ತಪ್ಪು ಒಂದೇ. ದೂರವನ್ನು ನೆಲದಿಂದ ಅಳೆದಿದ್ದೀರಿ, ಅಳೆಯಬೇಕಾದ್ದು ಭೂಮಿಯ ಕೇಂದ್ರದಿಂದ. ಭೂಮಿಯ ತ್ರಿಜ್ಯ 6,371 ಕಿ.ಮೀ., ಅದಕ್ಕೆ 400 ಸೇರಿಸಿ 6,771 ಹಾಕಿ ನೋಡಿ, ಸುಮಾರು 8.7 ಬರುತ್ತೆ. ನೆಲದ ಮೇಲಿನದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಕಮ್ಮಿ, ಅಷ್ಟೇ. ಕೇಂದ್ರದ ಲೆಕ್ಕದಲ್ಲಿ ನೋಡಿದರೆ ನಿಲ್ದಾಣ ನಮ್ಮ ತಲೆ ಮೇಲೇ ಇದೆ! "ದೂರ ಎರಡು ಪಟ್ಟಾದರೆ ಕಾಲು ಭಾಗ" ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ, ಆದರೆ ಕಾಲು ಭಾಗ ಆಗಬೇಕಾದರೆ ನೆಲದಿಂದ ಇನ್ನೂ 6,371 ಕಿ.ಮೀ. ಮೇಲೆ ಹೋಗಬೇಕು, ಅಲ್ಲಿ 2.45. ಚಂದ್ರ ಇರೋದು ಸುಮಾರು 60 ತ್ರಿಜ್ಯದಷ್ಟು ದೂರದಲ್ಲಿ. ಅಲ್ಲಿ ಭೂಮಿಯ ಕ್ಷೇತ್ರ 3,600ರಲ್ಲಿ ಒಂದು ಪಾಲು, 0.0027. ಅಷ್ಟು ಸಾಕು ಅವನನ್ನು ಸುತ್ತಿಸೋಕೆ. ನ್ಯೂಟನ್ ತನ್ನ ನಿಯಮವನ್ನು ಪರೀಕ್ಷಿಸಿದ್ದೂ ಇದೇ ಲೆಕ್ಕದಿಂದ.

ಇನ್ನು ತೇಲೋದು. ಅವರು ತೇಲುತ್ತಿಲ್ಲ, ಬೀಳುತ್ತಿದ್ದಾರೆ. ನಿಲ್ದಾಣವೂ ಜೊತೆಗೇ ಬೀಳುತ್ತಿದೆ. ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಅಡ್ಡಕ್ಕೂ ಓಡುತ್ತಿರೋದರಿಂದ ನೆಲ ಸಿಗೋದಿಲ್ಲ, ಬಿದ್ದಷ್ಟೂ ಭೂಮಿ ಕೆಳಗೆ ಬಾಗುತ್ತಾ ಹೋಗುತ್ತೆ. ಬೇಕಾದರೆ ಒಂದು ಬಾಟಲಿಯ ಬುಡದ ಹತ್ತಿರ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಕೈ ಬಿಡಿ. ಬೀಳುವಷ್ಟು ಹೊತ್ತು ಸೋರೋದು ನಿಲ್ಲುತ್ತೆ. (ಮನೆಯೊಳಗೆ ಮಾಡಬೇಡಿ, ಬೈಸಿಕೊಂಡಿದ್ದೇನೆ.)

ಅರ್ಧಂಬರ್ಧ:
ಓಹ್, 6,771! ಸುಮ್ನೆ 800 ಕಿ.ಮೀ.ಗೂ ಹಾಕಿ ನೋಡಿದೆ, 7.75 ಬಂತು. ಎತ್ತರ ಎರಡು ಪಟ್ಟಾದರೂ ಇಳಿದಿದ್ದು ಇಷ್ಟೇನಾ. ಆದರೆ ಇನ್ನೊಂದು ತಲೆನೋವು ಶುರುವಾಯಿತು. ಕೇಂದ್ರದ ಹತ್ತಿರ ಹೋದರೆ ದೂರ ಸೊನ್ನೆ, ಆಗ ಜಿ ಅನಂತ ಆಗಬೇಕಲ್ಲ? ಮತ್ತೆ ಗ್ರಹ ದೊಡ್ಡದಾದಷ್ಟೂ ಜಿ ಜಾಸ್ತಿ ಅಂತ ಹೇಳಬಹುದಾ?

ಉಲ್ಕೆ ಬಾಲ:
ದೊಡ್ಡದಾದರೆ ಜಾಸ್ತಿ ಅಂತೇನಿಲ್ಲ. ಯುರೇನಸ್ ಭೂಮಿಗಿಂತ 14.5 ಪಟ್ಟು ಭಾರ, ಆದರೆ ತ್ರಿಜ್ಯವೂ 4 ಪಟ್ಟು. ನಾಲ್ಕರ ವರ್ಗ 16. ಹದಿನಾಲ್ಕೂವರೆಯನ್ನು ಹದಿನಾರರಿಂದ ಭಾಗಿಸಿದರೆ ಒಂದಕ್ಕಿಂತ ಕಮ್ಮಿ ಅಲ್ವಾ, ಹಾಗಾಗಿ ಅದರ ಮೋಡಗಳ ಮೇಲ್ಭಾಗದಲ್ಲಿ ಜಿ ಸುಮಾರು 8.9. ಅಷ್ಟು ದೊಡ್ಡ ಗ್ರಹದಲ್ಲಿ ನಿಮ್ಮ ತೂಕ ಇಲ್ಲಿಗಿಂತ ಕಮ್ಮಿ, ನಿಲ್ಲೋಕೆ ನೆಲ ಇದ್ದಿದ್ದರೆ.

ಅನಂತ ಆಗೋದಿಲ್ಲ. ಆ ಸೂತ್ರ ಗ್ರಹದ ಹೊರಗಿನ ಜಾಗಕ್ಕೆ. ಒಳಗೆ ಇಳಿದರೆ ನಿಮಗಿಂತ ಮೇಲಿರುವ ಪದರಗಳ ಎಳೆತ ಒಂದನ್ನೊಂದು ರದ್ದು ಮಾಡಿಕೊಳ್ಳುತ್ತೆ, ಕೆಳಗೆ ಉಳಿದ ದ್ರವ್ಯರಾಶಿ ಮಾತ್ರ ಲೆಕ್ಕಕ್ಕೆ. ಹಾಗಾಗಿ ಕೇಂದ್ರದಲ್ಲಿ ಸೊನ್ನೆ. ಆದರೆ ಮಜಾ ಏನಂದರೆ, ಇಳಿಯುತ್ತಿದ್ದ ಹಾಗೇ ಕಮ್ಮಿ ಆಗುತ್ತಾ ಹೋಗೋದಿಲ್ಲ. ಭೂಮಿಯ ತಿರುಳು ಕಬ್ಬಿಣದ್ದು, ತುಂಬಾ ಸಾಂದ್ರ. ಅದಕ್ಕೆ 2,900 ಕಿ.ಮೀ. ಆಳದಲ್ಲಿ, ತಿರುಳಿನ ಅಂಚಿನ ಹತ್ತಿರ, ಜಿ 10.7ರವರೆಗೆ ಏರಿ ಆಮೇಲೆ ಇಳಿಯುತ್ತೆ.

ಮೋಡದಾಚೆ:
ಬಾಟಲಿ ಬೀಳಿಸಿ ನೋಡಿದೆ. ನೀರು ನಿಂತಿತು. ನನ್ನ ಉತ್ತರ ಹಾಗೇ ಇರಲಿ, ನನ್ನ ಹಾಗೇ ಅಂದುಕೊಂಡವರಿಗೆ ಉಪಯೋಗಕ್ಕೆ ಬರುತ್ತೆ.