ಪದಚರ್ಚೆ: ‘ಟ್ಯಾಕ್ಟಿಕಲ್’ ಬಂದೂಕು, ಅದರ ಸಾಮಾನು, ಅದರ ತಾಲೀಮು – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಸೇನೆಗೆ ಸೇರುವ ನಮ್ಮ ಹುಡುಗ ಹುಡುಗಿಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸೇನೆಗೆ ಈಚೆಗೆ ಬಂದಿರುವ ಬಂದೂಕುಗಳು, ಅವಕ್ಕೆ ಕೂಡಿಸುವ ಸಾಮಾನು, ಗುರಿ ಹೊಡೆಯುವ ತರಬೇತಿ, ಇಷ್ಟೇ ಅದರ ವಿಷಯ. 2025ರಿಂದ ಅಗ್ನಿವೀರ್ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ತರಬೇತಿ ಕೇಂದ್ರದ ಗೇಟು ದಾಟಿದ ಮೇಲೆ ಪಾಠವೆಲ್ಲ ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಒಂದು ಸಲ ತನ್ನ ಭಾಷೆಯಲ್ಲಿ ಓದಿಕೊಂಡಿದ್ದರೆ ಆ ಮಗುವಿಗೆ ಎಷ್ಟೋ ಸುಲಭವಾಗುತ್ತದೆ, ಅಲ್ವಾ? ಬರೆಯುತ್ತಾ ಬರೆಯುತ್ತಾ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ನನಗೆ ಸರಿ ಅನ್ನಿಸಿದ್ದನ್ನು ಹೇಳುತ್ತೇನೆ. ನಿಮ್ಮ ಕಡೆ ಏನಂತಾರೆ ಅನ್ನೋದನ್ನು ದಯವಿಟ್ಟು ತಿಳಿಸಿ.

ಮೊದಲ ತೊಡಕು ‘ಟ್ಯಾಕ್ಟಿಕಲ್’ ಅನ್ನುವ ಮಾತೇ. ಇದಕ್ಕೆ ಕೆಲವರು ‘ತಾಂತ್ರಿಕ’ ಅಂತ ಬರೆಯುತ್ತಾರೆ. ಅದು ತಪ್ಪು ದಾರಿ. ಕನ್ನಡದಲ್ಲಿ ತಾಂತ್ರಿಕ ಅಂದರೆ ಯಂತ್ರ, ಎಂಜಿನಿಯರಿಂಗಿಗೆ ಸೇರಿದ್ದು ಅಂತಲೇ ಓದುಗರು ತಿಳಿಯುತ್ತಾರೆ. ‘ವ್ಯೂಹಾತ್ಮಕ’ ಅನ್ನೋಣವೆಂದರೆ ಅದನ್ನು ಇಡೀ ದೇಶದ ಯುದ್ಧದ ಲೆಕ್ಕಾಚಾರಕ್ಕೂ ಬಳಸಿ ಆಗಿದೆ. ಸೇನೆಯಲ್ಲಿ ಈ ಎರಡಕ್ಕೂ ನಡುವೆ ದೊಡ್ಡ ಗೆರೆಯಿದೆ. ಯಾವ ಗಡಿಯಲ್ಲಿ ಎಷ್ಟು ಪಡೆ ಇಡಬೇಕು ಅನ್ನುವುದು ಒಂದು ಮಾತು. ಈ ಗುಡ್ಡವನ್ನು ಈ ಮೂವತ್ತು ಜನ ಯಾವ ಬದಿಯಿಂದ ಹತ್ತಬೇಕು ಅನ್ನುವುದು ಇನ್ನೊಂದು ಮಾತು. ಎರಡನೆಯದೇ ಟ್ಯಾಕ್ಟಿಕ್ಸ್. ಇದಕ್ಕೆ ನಮ್ಮ ಗರಡಿಮನೆಯ ‘ವರಸೆ’ ಚೆನ್ನಾಗಿ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ಕೈವರಸೆ, ದೊಣ್ಣೆವರಸೆ ಇದ್ದ ಹಾಗೆ ಕಾಳಗದ ವರಸೆ. ಇನ್ನು ಟ್ಯಾಕ್ಟಿಕಲ್ ಟಾರ್ಚು, ಟ್ಯಾಕ್ಟಿಕಲ್ ಗ್ಲೌಸು, ಟ್ಯಾಕ್ಟಿಕಲ್ ರೈಫಲು ಅನ್ನುವಾಗ ಅದರ ಅರ್ಥ ಕಾಳಗಕ್ಕೆ ಒದಗುವಂಥದ್ದು ಅಂತ ಮಾತ್ರ. ಅಲ್ಲಿ ಸುಮ್ನೆ ‘ಕಾಳಗದ ಟಾರ್ಚು’ ಅಂದರೆ ಸಾಕು. ಕಟ್ಟಡದೊಳಗೆ, ಓಣಿಯಲ್ಲಿ, ಕೆಲವೇ ಮೀಟರಿನಲ್ಲಿ ನಡೆಯುವುದನ್ನು ‘ಹತ್ತಿರದ ಕಾಳಗ’ ಅಂತ ಬರೆದಿದ್ದೇನೆ. ಕಾರ್ಬೈನು ಅನ್ನುವ ಸಣ್ಣ ಬಂದೂಕು ಇರುವುದು ಅದಕ್ಕೇ. ನಳಿಗೆ ಗಿಡ್ಡ, ಬಾಗಿಲು ಮೂಲೆಗಳಲ್ಲಿ ತಿರುಗಿಸಲು ಸಲೀಸು.

ಬಂದೂಕಿನ ಹೆಸರುಗಳಲ್ಲಿ ನಾವು ಬಡವರಲ್ಲ. ಮಲೆನಾಡಿನಲ್ಲಿ ಕೋವಿ, ಬಯಲುಸೀಮೆಯಲ್ಲಿ ಬಂದೂಕು, ಹಳೆಯ ಕಾಗದಪತ್ರಗಳಲ್ಲಿ ತುಪಾಕಿ, ಕರಾವಳಿಯಲ್ಲಿ ಬೆಡಿ, ಕೊಡವರಲ್ಲಿ ತೋಕ್. ಕೊಡಗಿನ ತೋಕ್ ನಮ್ಮೆ, ಕೈಲ್‌ಪೊಳ್ದ್ ಹಬ್ಬಗಳಲ್ಲಿ ಕೋವಿಗೆ ಪೂಜೆಯೇ ಇದೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹೀಗೆ ಕೋವಿ ಮನೆಯ ವಸ್ತುವಾಗಿರುವ ಕಡೆ ಅದರ ಪ್ರತಿ ಭಾಗಕ್ಕೂ ಹೆಸರು ಇದ್ದೇ ಇರುತ್ತದೆ. ಆ ಹೆಸರುಗಳನ್ನು ಬಿಟ್ಟು ನಾವು ನಿಘಂಟಿನ ಗಟ್ಟಿ ಸಂಸ್ಕೃತಕ್ಕೆ ಯಾಕೆ ಹೋಗಬೇಕು? ಈ ಇಡೀ ಪತ್ರದಲ್ಲಿ ನಾನು ಹೇಳಬೇಕೆಂದಿರುವುದೂ ಅದೇ.

ಒಂದು ಎಚ್ಚರ ಮಾತ್ರ ಬೇಕು. ಕೋವಿ, ರೈಫಲು ಎರಡೂ ಒಂದೇ ಅಲ್ಲ. ಮಲೆನಾಡಿನ ಕೇಪಿನ ಕೋವಿ, ತೋಟಾ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣ್ಣಗಿರುತ್ತದೆ. ರೈಫಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ತೋಡು ಕೊರೆದಿರುತ್ತಾರೆ. ಆ ತೋಡಿನಿಂದ ಗುಂಡು ಬುಗುರಿಯಂತೆ ತಿರುಗುತ್ತಾ ಹೊರಟು ದೂರದವರೆಗೆ ದಾರಿ ತಪ್ಪದೆ ಹೋಗುತ್ತದೆ. ಹಾಗಾಗಿ ರೈಫಲನ್ನು ರೈಫಲ್ ಅಂತಲೇ ಇಟ್ಟುಕೊಂಡಿದ್ದೇನೆ. ಸೇನೆಯ ಬಂದೂಕನ್ನೆಲ್ಲ ‘ಕೋವಿ’ ಅಂತ ಬರೆದರೆ ಓದಲು ಹಿತವಾಗಿರಬಹುದು, ಆದರೆ ಕಲಿಯುವವನಿಗೆ ಗೊಂದಲ.

ಈಗ ನನಗೆ ಜಾಸ್ತಿ ಕಾಡಿರುವ ಮಾತಿಗೆ ಬರುತ್ತೇನೆ: ಗುಂಡು ಮತ್ತು ತೋಟಾ. ಪತ್ರಿಕೆಗಳಲ್ಲಿ ‘ಪಿಸ್ತೂಲು ಮತ್ತು ಆರು ಜೀವಂತ ಗುಂಡುಗಳು ವಶ’ ಅಂತ ಓದುತ್ತೇವೆ. ಪೊಲೀಸರಿಗೆ ಸಿಕ್ಕಿದ್ದು ಗುಂಡಲ್ಲ, ತೋಟಾ. ಹಿತ್ತಾಳೆಯ ಕವಚ, ಅದರ ತಳದಲ್ಲಿ ಬಡಿದಾಗ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವು ನಾಲ್ಕೂ ಸೇರಿದರೆ ತೋಟಾ. ನಳಿಗೆಯಿಂದ ಹಾರಿಹೋಗುವುದು ಗುಂಡು ಮಾತ್ರ. ಕವಚ ಪಕ್ಕಕ್ಕೆ ಬೀಳುತ್ತದೆ. ‘ಕಾಡತೂಸು’ ಅನ್ನುವ ಹಳೆಯ ಪದವೂ ಇದಕ್ಕೇ ಇದೆ, ಆದರೆ ಅದನ್ನು ಈಗ 1857ರ ಪಾಠದಲ್ಲಿ ಬಿಟ್ಟರೆ ಬೇರೆಡೆ ಕೇಳುವುದು ಅಪರೂಪ. ತೋಟಾ ಇನ್ನೂ ಬಾಯಲ್ಲಿದೆ. ‘ಜೀವಂತ’ ಅನ್ನುವುದಂತೂ ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟಿದ್ದು. ‘ಹಾರಿಸದ ತೋಟಾ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಇದು ಬರೀ ಪದದ ಹಟ ಅಲ್ಲ. ಈಗ ಸೇನೆಗೆ ಬಂದಿರುವ ಬಂದೂಕುಗಳನ್ನೇ ನೋಡಿ. 1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲಿಗೆ 5.56×45 ಮಿ.ಮೀ. ತೋಟಾ. 2019ರಲ್ಲಿ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ ತರಿಸಲು ಒಪ್ಪಂದವಾದ 72,400 ಸಿಗ್-716 ರೈಫಲುಗಳಿಗೆ 7.62×51. ರಷ್ಯಾದ ಜೊತೆ ಸೇರಿ ಉತ್ತರ ಪ್ರದೇಶದ ಅಮೇಠಿ ಹತ್ತಿರದ ಕೊರ್ವಾದಲ್ಲಿ ತಯಾರಿಸುತ್ತಿರುವ, ಆರು ಲಕ್ಷಕ್ಕೂ ಹೆಚ್ಚು ಬೇಕಾಗಿರುವ ಎಕೆ-203 ರೈಫಲಿಗೆ 7.62×39. ಇಸ್ರೇಲಿನ ನೆಗೆವ್ ಹಗುರ ಮೆಷಿನ್‌ಗನ್ನಿಗೆ, 2020ರಲ್ಲಿ 16,479 ಬೇಕೆಂದು ಒಪ್ಪಂದವಾಯಿತು, ಮತ್ತೆ 7.62×51. ಈ ಲೆಕ್ಕದಲ್ಲಿ ಮೊದಲ ಅಂಕಿ ನಳಿಗೆಯ ಒಳಗಿನ ಅಗಲ, ಎರಡನೆಯದು ಕವಚದ ಉದ್ದ. ಸಿಗ್ ಮತ್ತು ಎಕೆ ಎರಡನ್ನೂ ‘7.62ರ ಗುಂಡಿನ ಬಂದೂಕು’ ಅಂತ ಒಂದೇ ಸಾಲಲ್ಲಿ ಬರೆದರೆ ಓದಿದವನು ಇದರ ಗುಂಡು ಅದಕ್ಕೂ ಆಗುತ್ತದೆ ಅಂದುಕೊಳ್ಳುತ್ತಾನೆ. ಆಗುವುದೇ ಇಲ್ಲ. 51ರ ಕವಚ 39ರ ಗೂಡಿನಲ್ಲಿ ಕೂರುವುದಿಲ್ಲ. ಆದ್ದರಿಂದ ತೋಟಾ, ಗುಂಡು, ಕವಚ, ಕೇಪು, ಮದ್ದು, ಈ ಐದನ್ನೂ ಬೇರೆ ಬೇರೆಯಾಗಿ ಬಳಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಮೂರು ಸುತ್ತು ಗುಂಡು ಹಾರಿಸಿದರು’ ಅನ್ನುವಲ್ಲಿ ಸುತ್ತು ಚೆನ್ನಾಗಿಯೇ ನೆಲೆ ನಿಂತಿದೆ, ಅದನ್ನು ಮುಟ್ಟುವುದು ಬೇಡ. ಮಲೆನಾಡಿನ ‘ಈಡು’ ಕೂಡ ನನಗೆ ತುಂಬಾ ಇಷ್ಟ. ಒಂದು ಈಡು, ಎರಡು ಈಡು, ಈಡು ತುಂಬಿದ ಕೋವಿ, ಈಡುಗಾರ. ಆದರೆ ಬಯಲುಸೀಮೆಯ ಓದುಗರಿಗೆ ಇದು ಹತ್ತೀತೇ? ಬಳ್ಳಾರಿ, ರಾಯಚೂರು ಕಡೆಯವರು ಹೇಳಬೇಕು.

ಭಾಗಗಳ ಹೆಸರಿಗೆ ಬಂದರೆ ನಳಿಗೆ, ನಳಿಗೆಯ ಬಾಯಿ, ಇವಕ್ಕೆ ಚರ್ಚೆಯೇ ಬೇಡ. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿಗೆ ‘ಅಗುಳಿ’ ಅಂತ ಬರೆದಿದ್ದೇನೆ. ಬಾಗಿಲಿನ ಅಗುಳಿಯಂತೆಯೇ ಅದನ್ನು ತಿರುಗಿಸಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ ಭದ್ರ ಮಾಡಬೇಕು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿಯ ‘ಸೇಬರ್’ ಸ್ನೈಪರ್ ರೈಫಲು .338 ಲಪುವಾ ಮ್ಯಾಗ್ನಮ್ ತೋಟಾ ಹಾರಿಸುವ ಅಗುಳಿ ರೈಫಲು. ಪ್ರತಿ ಹೊಡೆತಕ್ಕೂ ಕೈಯಿಂದ ಅಗುಳಿ ಆಡಿಸಬೇಕು. ಸೇನೆಯಲ್ಲಿ ಬಹುಕಾಲದಿಂದ ಇರುವ ಡ್ರಾಗುನೋವ್ ಹಾಗಲ್ಲ, ಒಂದು ಹೊಡೆತ ಆದಮೇಲೆ ಮುಂದಿನ ತೋಟಾವನ್ನು ತಾನೇ ಎಳೆದುಕೊಳ್ಳುತ್ತದೆ. ಇಂಥದ್ದಕ್ಕೆ ‘ಅರೆ ಸ್ವಯಂಚಾಲಿತ’ ಅಂತ ಬರೆಯುವ ರೂಢಿ ಇದೆ. ನನಗೆ ‘ತಾನೇ ತುಂಬಿಕೊಳ್ಳುವ ರೈಫಲು’ ಅನ್ನುವುದೇ ಸ್ಪಷ್ಟ ಅನ್ನಿಸುತ್ತದೆ. ಟ್ರಿಗರ್ ಹಿಡಿದೇ ಇದ್ದರೂ ಒಂದೇ ಗುಂಡು ಹಾರುತ್ತದೆ ಅನ್ನುವುದನ್ನು ಪಕ್ಕದಲ್ಲೇ ಬರೆದರಾಯಿತು. ತೋಟಾಗಳನ್ನು ತುಂಬಿಡುವ ಮ್ಯಾಗಜಿನ್ ಅನ್ನು ಮ್ಯಾಗಜಿನ್ ಅಂತಲೇ ಬಿಡೋಣ. ಶ್ರೀರಂಗಪಟ್ಟಣದ ಕೋಟೆಯಲ್ಲಿರುವ ಮದ್ದಿನಮನೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು, ಆದರೆ ನಮ್ಮಲ್ಲಿ ಅದಕ್ಕೆ ಬೇರೆ ಪದ ಇರುವುದರಿಂದ ತೊಂದರೆಯಿಲ್ಲ.

ತೊಂದರೆ ಇರುವುದು ‘ಹಿಡಿ’ಯಲ್ಲಿ. ‘ಬಂದೂಕಿನ ಹಿಡಿಯಿಂದ ಹೊಡೆದರು’ ಅಂತ ಬರೆಯುತ್ತೇವೆ, ಅಲ್ಲಿ ಹಿಡಿ ಅಂದರೆ ಹೆಗಲಿಗೆ ಒತ್ತುವ ಹಿಂಭಾಗ. ಹೊಸ ರೈಫಲುಗಳಲ್ಲಿ ಪಿಸ್ತೂಲಿನಂಥ ಹಿಡಿ ಬೇರೆ, ಎಡಗೈಗೆ ಮುಂದಿನ ಹಿಡಿ ಬೇರೆ, ಮಡಚಿ ಉದ್ದ ಗಿಡ್ಡ ಮಾಡುವ ಹಿಂಭಾಗ ಬೇರೆ. ಮೂರಕ್ಕೂ ಒಂದೇ ಪದ ಸಾಲದು. ಹಿಂಭಾಗಕ್ಕೆ ಹಿಂದಿಯಲ್ಲಿ ಕುಂದಾ ಅಂತಾರೆ. ಕನ್ನಡದಲ್ಲಿ ಬಡಗಿಗಳು, ಕೋವಿ ರಿಪೇರಿಯವರು ಆ ಮರದ ಭಾಗಕ್ಕೆ ಏನು ಹೇಳುತ್ತಾರೆ? ಗೊತ್ತಿದ್ದವರು ಬರೆಯಿರಿ.

ಇನ್ನೊಂದು ನಿಜವಾದ ಪ್ರಶ್ನೆ ‘ಕುದುರೆ’. ಕೋವಿಯ ಕುದುರೆ ಅನ್ನುವ ಮಾತು ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಊರಲ್ಲಿ ಕುದುರೆ ಅಂದರೆ ಬೆರಳಿನಿಂದ ಎಳೆಯುವ ಭಾಗವೋ, ಕೇಪಿನ ಮೇಲೆ ಬಂದು ಬಡಿಯುವ ಭಾಗವೋ? ಕುದುರೆ ಎತ್ತುವುದು ಅಂತಲೂ ಇದೆ, ಕುದುರೆ ಎಳೆಯುವುದು ಅಂತಲೂ ಇದೆ. ಎರಡೂ ಒಂದೇ ಭಾಗ ಆಗಿರಲಾರದು. ಹೊಸ ರೈಫಲುಗಳಲ್ಲಿ ಬಡಿಯುವ ಭಾಗ ಒಳಗೆ ಅಡಗಿರುತ್ತದೆ, ಹಾಗಾಗಿ ಹೊರಗೆ ಕಾಣುವ ಟ್ರಿಗರಿಗೆ ಕುದುರೆ ಅಂದರೆ ಈಗ ಗೊಂದಲವಾಗದು ಅಂತ ನನ್ನ ಎಣಿಕೆ.

ಸಾಮಾನುಗಳ ವಿಷಯ ಬೇಗ ಮುಗಿಸುತ್ತೇನೆ. ದೂರದ್ದನ್ನು ಹತ್ತಿರ ಮಾಡಿ ತೋರಿಸುವ ಸ್ಕೋಪಿಗೆ ನಮ್ಮ ‘ದುರ್ಬೀನು’ ಸಾಕು. ರೆಡ್ ಡಾಟ್ ದುರ್ಬೀನಲ್ಲ. ಅದು ಏನನ್ನೂ ದೊಡ್ಡದು ಮಾಡುವುದಿಲ್ಲ, ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ ತೋರಿಸುತ್ತದೆ, ಎರಡೂ ಕಣ್ಣು ತೆರೆದು ಗುರಿ ಇಡಬಹುದು. ‘ಕೆಂಪುಚುಕ್ಕೆ’ ಅಂತ ಒಂದೇ ಪದವಾಗಿ ಬರೆದಿದ್ದೇನೆ. ಇವನ್ನೆಲ್ಲ ಕೂರಿಸುವ ಪಿಕಾಟಿನ್ನಿ ರೈಲಿಗೆ ‘ಹಳಿ’ ಬೇಡ, ‘ಪಟ್ಟಿ’ ಇರಲಿ. ನ್ಯೂಜೆರ್ಸಿಯ ಪಿಕಾಟಿನ್ನಿ ಶಸ್ತ್ರಾಗಾರದಿಂದ ಬಂದ ಹೆಸರು ಅದು. ಅಡ್ಡಡ್ಡ ಕಚ್ಚುಗಳಿರುವ ಲೋಹದ ಪಟ್ಟಿ, ಆ ಅಳತೆಗೆ ಮಾಡಿದ ಯಾವ ಕಂಪನಿಯ ಸಾಮಾನಾದರೂ ಅದರಲ್ಲಿ ಕಚ್ಚಿ ಕೂರುತ್ತದೆ. ಸೈಲೆನ್ಸರಿಗೆ ‘ಶಬ್ದರಹಿತ’ ಅಂತ ಬರೆಯುವುದನ್ನು ಮಾತ್ರ ದಯವಿಟ್ಟು ಬಿಡೋಣ. ಅದು ಸದ್ದನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಗುಂಡು ಸದ್ದಿಗಿಂತ ವೇಗವಾಗಿ ಹೋಗುವಾಗ ಗಾಳಿಯಲ್ಲಿ ಏಳುವ ಛಟೀರ್ ಅನ್ನುವ ಸದ್ದನ್ನು ಅದು ತಡೆಯಲಾರದು. ‘ಸದ್ದು ತಗ್ಗಿಸುವ ಕೊಳವೆ’ ಉದ್ದವಾಯಿತು ಅನ್ನುವವರು ‘ಸದ್ದುತಗ್ಗು’ ಅನ್ನುತ್ತೀರಾ? ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ತಳ್ಳುವ ರಿಕಾಯ್ಲಿಗೆ ಮಲೆನಾಡಿನ ‘ಒದೆ’ ಇದ್ದೇ ಇದೆ: ಕೋವಿ ಒದೆಯುತ್ತದೆ.

ತರಬೇತಿಯ ಮಾತುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಶಿಸ್ತ್’. ಸೇನೆಯಲ್ಲಿ ಉಸ್ತಾದರು ಹೇಳಿಕೊಡುವ ಮೊದಲ ಪಾಠದಲ್ಲೇ ‘ಮಜ್‌ಬೂತ್ ಪಕಡ್, ದುರುಸ್ತ್ ಶಿಸ್ತ್’ ಅಂತ ಬರುತ್ತದೆ. ಎನ್‌ಸಿಸಿಯಲ್ಲಿ ಇದ್ದವರಿಗೂ ನೆನಪಿರಬಹುದು. ಗಟ್ಟಿ ಹಿಡಿತ, ಸರಿಯಾದ ಗುರಿ ಅಂತ ಅದರ ಅರ್ಥ. ಕನ್ನಡದ ಹುಡುಗನ ಕಿವಿಗೆ ಅದು ‘ಶಿಸ್ತು’ ಅಂತ ಬೀಳುತ್ತದೆ. ನೆಟ್ಟಗೆ ನಿಲ್ಲು, ಮಾತಾಡಬೇಡ ಅಂತ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಪಾರಸಿಯಲ್ಲಿ ಶಸ್ತ್ ಅಂದರೆ ಹೆಬ್ಬೆರಳು, ಬಿಲ್ಲುಗಾರರು ಹೆಬ್ಬೆರಳಿಗೆ ಹಾಕುತ್ತಿದ್ದ ಉಂಗುರಕ್ಕೂ ಅದೇ ಹೆಸರು. ಅಲ್ಲಿಂದ ಗುರಿ ಹಿಡಿಯುವುದು ಅನ್ನುವ ಅರ್ಥ ಹಿಂದೂಸ್ತಾನಿಗೆ ಬಂದಿದೆ. ಬೆಳಗಾವಿ, ಬೀದರ, ಕಲಬುರಗಿ ಕಡೆಯ ಹಿರಿಯರ ಮಾತಿನಲ್ಲಿ ಶಿಸ್ತು ಅನ್ನುವುದನ್ನು ಗುರಿ ಹಿಡಿಯುವುದಕ್ಕೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇದೆ, ಅಲ್ಲಿ ದುಡಿದವರ ಮನೆಗಳಲ್ಲಿ ಈ ಮಾತು ಉಳಿದಿರಬಹುದು. ಉಳಿದಿದ್ದರೆ ನಮಗೆ ದೊಡ್ಡ ಉಪಕಾರ. ಯಾಕೆಂದರೆ ನಮ್ಮ ‘ಗುರಿ’ ಗುರಿ ಹಿಡಿಯುವ ಕೆಲಸಕ್ಕೂ ಬೇಕು, ಹೊಡೆಯಬೇಕಾದ ಹಲಗೆಗೂ ಬೇಕು, ಬದುಕಿನ ಗುರಿಗೂ ಬೇಕು. ಸದ್ಯಕ್ಕೆ ಟಾರ್ಗೆಟಿಗೆ ‘ಗುರಿಹಲಗೆ’ ಅಂತ ಬೇರೆ ಮಾಡಿಕೊಂಡಿದ್ದೇನೆ. ಜೀರೋಯಿಂಗ್ ಅನ್ನುವುದಕ್ಕೆ ‘ಗುರಿ ಹೊಂದಿಸುವುದು’. ಕೆಲವು ಗುಂಡು ಹಾರಿಸಿ, ಅವು ಹಲಗೆಯ ಮೇಲೆ ಎಲ್ಲಿ ಗುಂಪಾಗಿ ಬಿದ್ದವು ಅಂತ ನೋಡಿ, ಕಣ್ಣಿಟ್ಟ ಜಾಗಕ್ಕೂ ಗುಂಡು ಬಿದ್ದ ಜಾಗಕ್ಕೂ ಹೊಂದಿಕೆ ಮಾಡುವ ಕೆಲಸ ಅದು. ‘ಶೂನ್ಯೀಕರಣ’ ಅಂದರೆ ಯಾರಿಗೂ ಏನೂ ತಿಳಿಯದು.

ಮಲಗುವುದು, ಕೂರುವುದು, ನಿಲ್ಲುವುದಕ್ಕೆ ನಮ್ಮಲ್ಲಿ ಸಿದ್ಧ ಮಾತುಗಳಿವೆ: ಬೋರಲು ಮಲಗಿ, ಮಂಡಿಯೂರಿ, ನಿಂತು. ತರಬೇತಿ ಅನ್ನುವಲ್ಲೆಲ್ಲ ‘ತಾಲೀಮು’ ಬಳಸಲು ನನಗೆ ಆಸೆ. ಮೈಸೂರು ದಸರಾಕ್ಕೆ ಮುಂಚೆ ಫಿರಂಗಿ ದಳದ ಪೊಲೀಸರು ಕುಶಾಲತೋಪಿನ ತಾಲೀಮು ನಡೆಸುತ್ತಾರಲ್ಲ, ಅದು ಇದೇ ಕೆಲಸ. ಏಳು ಫಿರಂಗಿ, ಇಪ್ಪತ್ತೊಂದು ಸುತ್ತು, ರಾಷ್ಟ್ರಗೀತೆ ಮುಗಿಯುವುದರೊಳಗೆ ಹಾರಬೇಕು. ಮೊದಲು ಮದ್ದಿಲ್ಲದೆ ಕೈ ಪಳಗಿಸಿಕೊಂಡು ಆಮೇಲೆ ಮದ್ದು ತುಂಬುತ್ತಾರೆ. ರೈಫಲಿನಲ್ಲೂ ತೋಟಾ ಇಲ್ಲದೆ ಮಾಡುವ ಅಭ್ಯಾಸವೇ ಮೊದಲು. ಅದಕ್ಕೆ ‘ಒಣ ತಾಲೀಮು’ ಅಂತ ಬರೆದಿದ್ದೇನೆ.

ಕೊನೆಯದಾಗಿ, ಕೊಡಗು, ಚಿಕ್ಕಮಗಳೂರು, ತೀರ್ಥಹಳ್ಳಿ, ಶಿರಸಿ ಕಡೆಯವರಿಗೆ ಒಂದು ಪ್ರಶ್ನೆ. ನಳಿಗೆಯ ತುದಿಯಲ್ಲಿ ಗುರಿ ನೋಡಲು ಒಂದು ಪುಟ್ಟ ಉಬ್ಬು ಇರುತ್ತದೆ. ಹಿಂದೂಸ್ತಾನಿಯಲ್ಲಿ ಅದಕ್ಕೆ ಮಖ್ಖಿ, ಅಂದರೆ ನೊಣ. ನಿಮ್ಮ ಮನೆಯ ಹಿರಿಯರು ಅದನ್ನು ಏನಂತ ಕರೆಯುತ್ತಾರೆ? ಹೆಸರಿನ ಜೊತೆ ಊರು, ತಾಲ್ಲೂಕನ್ನೂ ಬರೆದರೆ ಕೈಪಿಡಿಯಲ್ಲಿ ಹಾಗೆಯೇ ಸೇರಿಸುತ್ತೇನೆ.