ಸಹಾಯ ಬೇಕು: ಮಕ್ಕಳ ಲಸಿಕೆಗೆ ‘ಎಷ್ಟು ಕೊಡ್ತೀರಿ’ ಅಂತ ಕೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಭಿವೃದ್ಧಿಶೀಲ ದೇಶಗಳಲ್ಲಿ ಮಕ್ಕಳ ಲಸಿಕೆಗೆ ಮನೆಯವರು ಎಷ್ಟು ದುಡ್ಡು ಕೊಡಲು ಸಿದ್ಧ ಅನ್ನೋದು ನನ್ನ ಪ್ರಬಂಧದ ವಿಷಯ. ಪ್ರಶ್ನಾವಳಿ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಮಾತಾಡಿಸಿದ ತಾಯಿ, ಮಡಚಿ ಮಡಚಿ ಅಂಚು ಹರಿದ ಲಸಿಕೆ ಕಾರ್ಡನ್ನು ಕೈಯಲ್ಲಿ ಹಿಡಿದು, "ಮಗುವಿಗೆ ಅಂದ್ರೆ ಎಷ್ಟಾದ್ರೂ ಕೊಡ್ತೀನಿ" ಅಂದರು. ಸ್ವಲ್ಪ ಹೊತ್ತಿಗೆ, ಹಿಂದಿನ ಡೋಸ್ ತಪ್ಪಿದ್ದು ದಿನದ ಕೂಲಿ ಹೋಗುತ್ತೆ ಅಂತ, ಎಂದೂ ಹೇಳಿದರು. ಲಸಿಕೆ ಉಚಿತವೇ ಇತ್ತು! ಆ ಮಾತು ಮನಸ್ಸಿನಿಂದ ಹೋಗ್ತಾ ಇಲ್ಲ.

1993ರಲ್ಲಿ ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾ (NOAA) ನೇಮಿಸಿದ ತಜ್ಞರ ಸಮಿತಿ, ಇಂಥ ‘ಎಷ್ಟು ಕೊಡ್ತೀರಿ’ ಸಮೀಕ್ಷೆಗಳಲ್ಲಿ ಒಂದು ಮೊತ್ತ ಹೇಳಿ ಹೌದು-ಇಲ್ಲ ಕೇಳಿ ಎಂದು ಸಲಹೆ ಕೊಟ್ಟಿತ್ತು. ಆದರೆ ಅದೇ ಮನೆಗೆ ಎರಡನೇ ಮೊತ್ತ ಹೇಳಿದರೆ, ಉತ್ತರ ಮೊದಲನೆಯದರ ಕಡೆಗೇ ವಾಲುತ್ತೆ. ಕೂಲಿ, ಬಸ್ ಖರ್ಚನ್ನು ಲಸಿಕೆಯ ಬೆಲೆಯಿಂದ ಬೇರೆಯಾಗಿ ಕೇಳಬೇಕಾ, ಒಟ್ಟಿಗಾ? ದಡಾರ ಲಸಿಕೆ ಪಕ್ಕದ ಮನೆ ಮಗುವನ್ನೂ ಕಾಯುತ್ತಲ್ಲ, ಆ ಲಾಭ ಈ ಲೆಕ್ಕದಲ್ಲಿ ಬರೋದೇ ಇಲ್ಲ. ಹಾಗಾಗಿ ‘ಕೊಡಲು ಸಿದ್ಧರಿದ್ದಾರೆ, ಶುಲ್ಕ ಹಾಕಿ’ ಅನ್ನೋದಕ್ಕೆ ನನ್ನ ಅಂಕಿಗಳು ಆಧಾರ ಆಗಬಾರದು.

ಇಂಥ ಸಮೀಕ್ಷೆ ಮಾಡಿದವರು ಯಾರಾದರೂ ಇದ್ದರೆ, ನಿಮ್ಮ ಪ್ರಶ್ನೆಗಳನ್ನು ಹೇಗೆ ಜೋಡಿಸಿದ್ದಿರಿ ಅಂತ ದಯವಿಟ್ಟು ತಿಳಿಸಿ. ಮುಂದಿನ ವಾರ ಮತ್ತೆ ಮನೆಗಳಿಗೆ ಹೋಗಬೇಕಿದೆ.