ಮನವಿ ಕೊಟ್ಟೆವು, ಉತ್ತರ ಬರಲಿಲ್ಲ: ಬಸ್ ಲೇನ್ ಕೇಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕೆಲವರು ಸೇರಿ ಒಂದು ರಸ್ತೆಯಲ್ಲಿ ಬಸ್, ಸೈಕಲ್, ಫುಟ್‌ಪಾತ್ ಪರವಾಗಿ ಸಹಿ ಸಂಗ್ರಹಿಸಿ ಮನವಿ ಕೊಟ್ಟೆವು. ಅಧಿಕಾರಿಗಳು ‘ನೋಡೋಣ’ ಅಂದರು, ಅಷ್ಟೇ. ಈಗ ಅದೇ ರಸ್ತೆಯ ಅಗಲೀಕರಣಕ್ಕೆ ಪ್ರಸ್ತಾವ ಬಂದಿದೆ. ನೀವು ಸಾರಿಗೆ ಯೋಜನೆ ಮಾಡುವವರು. ನಾವು ಇನ್ನೇನು ಮಾಡಬೇಕು?

ಉತ್ತರ: ನಮಸ್ಕಾರ. ಮೊದಲು ಮನವಿಯ ಒಕ್ಕಣೆ ನೋಡಿ. ‘ಪರಿಸರಸ್ನೇಹಿ ಸಾರಿಗೆ ಬೇಕು’ ಅಂತ ಬರೆದರೆ ಯಾರೂ ಬೇಡ ಅನ್ನಲ್ಲ, ಯಾರೂ ಮಾಡೋದೂ ಇಲ್ಲ. ‘ಈ ಸರ್ಕಲ್‌ನಿಂದ ಆ ಸರ್ಕಲ್‌ವರೆಗೆ, ಬೆಳಿಗ್ಗೆ ಮತ್ತು ಸಂಜೆ, ಆರು ತಿಂಗಳ ಮಟ್ಟಿಗೆ ಒಂದು ಲೇನ್ ಬಸ್‌ಗೆ ಬಿಡಿ’ ಅಂತ ಕೇಳಿ. ಇದಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕು.

ಜೊತೆಗೆ ನಿಮ್ಮದೇ ಎಣಿಕೆ ಇರಲಿ. ಟ್ರಾಫಿಕ್ ಸರ್ವೆಯಲ್ಲಿ ವಾಹನ ಎಣಿಸೋದು ರೂಢಿ. ಒಂದು ಬಸ್ಸನ್ನು ಸುಮಾರು ಮೂರು ಕಾರಿಗೆ ಸಮ ಅಂತ ಹಿಡಿಯುತ್ತಾರೆ. ಅದು ಬಸ್ಸು ರಸ್ತೆಯಲ್ಲಿ ಹಿಡಿಯುವ ಜಾಗದ ಲೆಕ್ಕ. ಒಳಗೆ 50 ಜನ ಇರೋದು ಅದರಲ್ಲಿ ಕಾಣೋದೇ ಇಲ್ಲ! ಹಾಗಾಗಿ ನೀವು ಜನರನ್ನು ಎಣಿಸಿ. ಕೆಲಸದ ದಿನ, ಬೆಳಿಗ್ಗೆ ರಶ್ ಇರುವ ಹೊತ್ತಲ್ಲಿ, ಇಬ್ಬರು ಒಂದೇ ಜಾಗದಲ್ಲಿ ನಿಲ್ಲಿ. ಒಬ್ಬರು ಹೇಳಲಿ, ಒಬ್ಬರು ಬರೆಯಲಿ. ಕಾರು, ಬೈಕು, ಬಸ್ಸು, ಸೈಕಲ್, ನಡೆದು ಹೋಗುವವರು, ಹೀಗೆ ಐದು ಕಾಲಂ. ಪ್ರತಿಯೊಂದರಲ್ಲೂ ಎಷ್ಟು ಜನ ಅನ್ನೋದಷ್ಟೇ ಬೇಕು. ಕಾರಿಗೆ ಸರಾಸರಿ ಒಂದೂವರೆ ಜನ ಅಂತಿಟ್ಟುಕೊಂಡರೂ, ಒಂದು ಬಸ್ಸಿನ 50 ಜನರಿಗೆ ಸುಮಾರು 33 ಕಾರು ಬೇಕು. ಇಷ್ಟು ಹಾಳೆಯಲ್ಲಿ ಕಂಡರೆ ಮಾತಿನ ದಿಕ್ಕೇ ಬದಲಾಗುತ್ತೆ.

ಅಗಲೀಕರಣದ ವಿಷಯ. ರಸ್ತೆ ಅಗಲವಾದರೆ ಓಡಾಟ ಸಲೀಸು ಅನ್ನಿಸಿ ಇನ್ನಷ್ಟು ಜನ ಗಾಡಿ ತೆಗೆಯುತ್ತಾರೆ. ಹೊಸ ರಸ್ತೆಗಳು ಹೊಸ ಟ್ರಾಫಿಕ್ ಹುಟ್ಟಿಸಬಲ್ಲವು ಅಂತ 1994ರಲ್ಲೇ ಬ್ರಿಟನ್ ಸರ್ಕಾರದ ಸಲಹಾ ಸಮಿತಿ ಒಪ್ಪಿಕೊಂಡಿತ್ತು. ನೀವು ಇದನ್ನು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಲೇನ್ ಕಿತ್ತುಕೊಂಡರೆ ಕಾರಿನವರು ಗಲಾಟೆ ಮಾಡಲ್ವಾ ಮೇಡಂ?

ಉತ್ತರ: ಮಾಡ್ತಾರೆ. ಅದಕ್ಕೇ ಆರು ತಿಂಗಳು ಅಂದಿದ್ದು. ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ನಗರದ ಒಳಗೆ ಬರುವ, ಹೊರಗೆ ಹೋಗುವ ವಾಹನಕ್ಕೆ ಶುಲ್ಕ ಅಂದಾಗ ಹೆಚ್ಚಿನವರು ವಿರೋಧಿಸಿದ್ದರು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿದರು. ಬಸ್ಸುಗಳನ್ನು ಮೊದಲೇ ಹೆಚ್ಚಿಸಿದ್ದರು, ಇದನ್ನು ಮರೆಯಬೇಡಿ. ಶುಲ್ಕದ ಗಡಿ ದಾಟುವ ವಾಹನ ಸುಮಾರು 20% ಇಳಿಯಿತು. ಜುಲೈ ಕೊನೆಗೆ ಶುಲ್ಕ ನಿಲ್ಲಿಸಿದಾಗ ಟ್ರಾಫಿಕ್ ಮತ್ತೆ ಏರಿದ್ದನ್ನೂ ಜನ ನೋಡಿದರು. ಸೆಪ್ಟೆಂಬರ್‌ನಲ್ಲಿ ಮತಕ್ಕೆ ಹಾಕಿದಾಗ ನಗರದಲ್ಲಿ ಬಹುಮತ ಶುಲ್ಕದ ಪರ ಬಂತು. 2007ರಲ್ಲಿ ಅದು ಕಾಯಂ ಆಯಿತು. ಕಣ್ಣಾರೆ ಕಂಡ ಮೇಲೆ ಜನ ಮನಸ್ಸು ಬದಲಿಸುತ್ತಾರೆ ಅನ್ನೋ ನಂಬಿಕೆ ನನಗಿದೆ.

ಪ್ರಶ್ನೆ (ಇನ್ನೊಬ್ಬರು): ಎಲ್ಲ ಕಾರೂ ಎಲೆಕ್ಟ್ರಿಕ್ ಆದರೆ ಈ ಹೋರಾಟವೇ ಬೇಡ ಅಲ್ವಾ?

ಉತ್ತರ: ಹೊಗೆ ಹೋಗುತ್ತೆ ಸರ್, ಒಳ್ಳೆಯದೇ. ಆದರೆ ಕಾರು ಹಿಡಿಯುವ ಜಾಗ ಅಷ್ಟೇ ಇರುತ್ತೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು 89% ಎಲೆಕ್ಟ್ರಿಕ್. ಆ ದೇಶವೂ ದೊಡ್ಡ ನಗರಗಳಲ್ಲಿ ಕಾರಿನ ಓಡಾಟ ಹೆಚ್ಚಬಾರದು, ಹೆಚ್ಚುವ ಪ್ರಯಾಣವೆಲ್ಲ ಬಸ್, ರೈಲು, ಸೈಕಲ್, ನಡಿಗೆಯಲ್ಲೇ ಆಗಬೇಕು ಅಂತ ಗುರಿ ಇಟ್ಟುಕೊಂಡಿದೆ.

ಪ್ರಶ್ನೆ: ಎಣಿಕೆ ಈ ವಾರವೇ ಶುರು ಮಾಡ್ತೀವಿ. ಯಾವಾಗ ಹೋಗಿ ಕೊಡಬೇಕು?

ಉತ್ತರ: ಬಜೆಟ್ ತಯಾರಿ ನಡೆಯುವಾಗ, ಮಂಡನೆಗೆ ಕೆಲವು ತಿಂಗಳು ಮೊದಲೇ. ಟೆಂಡರ್ ಕರೆದ ಮೇಲೆ ಹೋದರೆ ತುಂಬ ಕಷ್ಟ. ಅಗಲೀಕರಣಕ್ಕೆ ಆಕ್ಷೇಪಣೆ ಸಲ್ಲಿಸಲು ಗಡುವು ಇದ್ದರೆ ಅದಕ್ಕೂ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಸ್ ಲೇನ್ ಆದೇಶ ಬಂದರೆ, ಬಸ್ಸಿನ ಪ್ರಯಾಣದ ಸಮಯವನ್ನು ಶುರುವಿಗೂ ಮುಂಚೆ ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ ಅಳೆದು ಪ್ರಕಟಿಸಬೇಕು ಅನ್ನೋ ಸಾಲು ಆ ಆದೇಶದಲ್ಲೇ ಇರುವಂತೆ ಪಟ್ಟು ಹಿಡಿಯಿರಿ. ನಿಮ್ಮ ಹಾಳೆ ತುಂಬಿದ ಮೇಲೆ ಇಲ್ಲಿ ಹಾಕಿ, ಮನವಿಯ ಕರಡನ್ನು ನಾನೇ ನೋಡಿ ಕೊಡ್ತೀನಿ.